ಸೀಟಿನಲ್ಲಿ ಕೂರದ ರುದ್ರಾಣಿ ಮೇಡಂ

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಬೆಳಿಗ್ಗೆ ಹೊರಡುವ ಮೊದಲ ಬಸ್ಸುಗಳಲ್ಲೊಂದರಲ್ಲಿ, ಎಷ್ಟೇ ಸೀಟು ಖಾಲಿ ಇದ್ದರೂ, ರುದ್ರಾಣಿ ಮೇಡಂ ಕೂರುವುದಿಲ್ಲ. ಹಿಂಬಾಗಿಲ ಪಕ್ಕದ ಕಂಬಕ್ಕೆ ಒಂದೇ ಒಂದು ಬೆರಳು ತಾಗಿಸಿ, ಪಾದಗಳ ನಡುವೆ ಒಂದು ಗೇಣು ಬಿಟ್ಟು, ಚಪ್ಪಲಿಯನ್ನು ಪಕ್ಕಕ್ಕೆ ಸರಿಸಿ, ಕಣ್ಣು ಮುಚ್ಚಿ ನಿಲ್ಲುತ್ತಾರೆ. ತಿರುವು ಬಂದಾಗ ಅವರ ಹಿಮ್ಮಡಿ ಒತ್ತುತ್ತದೆ, ಬ್ರೇಕು ಬಿದ್ದಾಗ ಹೆಬ್ಬೆರಳು ನೆಲ ಕಚ್ಚುತ್ತದೆ. ಹೊಸದಾಗಿ ನೋಡುವವರು ಯಾವುದೋ ಹರಕೆಯಿರಬೇಕೆಂದು ಸುಮ್ಮನಾಗುತ್ತಾರೆ. ಕಂಡಕ್ಟರ್ ಸಿದ್ದರಾಜು ಮಾತ್ರ ಸುಮ್ಮನಾಗುವ ಪೈಕಿಯಲ್ಲ.

"ಮೇಡಂ, ಫ್ರೀ ಟಿಕೆಟ್‌ನಲ್ಲಿ ಸೀಟೂ ಸೇರ್ಕಂಡದೆ ಕಣ್ರೀ. ಕೂತ್ಕಳಿ. ಬಿದ್ದುಗಿದ್ದು ಬುಟ್ರೆ ಡಿಪೋದಲ್ಲಿ ಉತ್ತರ ಕೊಡೋನು ನಾನು."

"ಈವರೆಗೆ ಎಷ್ಟು ಸಲ ಬಿದ್ದಿದ್ದೀನಿ ಹೇಳಿ ಸಿದ್ದರಾಜು."

"ಒಂದ್ಸಲ. ಬದನೆಕಾಯಿ ಮೂಟೆ ಮೇಲೆ. ಆ ಮೂಟೆಯಮ್ಮ ನಿಮ್ಗಲ್ಲ, ನಂಗೆ ಬೈದ್ಲು."

"ಒಂದು. ಸರಿ ಹಾಗಾದ್ರೆ," ಎಂದು ಮೇಡಂ ಮತ್ತೆ ಕಣ್ಣು ಮುಚ್ಚುತ್ತಾರೆ.

ಕೂರದಿರುವುದು ಅವರ ಹಳೆಯ ಸ್ವಭಾವ. ಕಣ್ಣು ಮುಚ್ಚಿ ನಿಲ್ಲುವುದು ಈಚೆಗೆ ಎರಡು ವರ್ಷದ ಅಭ್ಯಾಸ. ನಲವತ್ತೆಂಟರ ಈ ಹೆಂಗಸು ಮದುವೆಮನೆಯ ಪಂಕ್ತಿಯಲ್ಲೂ ಪಾಯಸ ಬರುವುದರೊಳಗೆ ಎರಡು ಬಾರಿ ಎದ್ದುಬರುತ್ತಾರೆ. ಫೋನಿನಲ್ಲಿ ಮಾತಾಡುತ್ತಾ ಮನೆಯ ಸುತ್ತ ಅದೆಷ್ಟು ತಿರುಗುತ್ತಾರೆಂದರೆ, ಮಗಳು ನಂದಿತಾ ಅಮ್ಮನ ಮಾತಿನ ಉದ್ದವನ್ನು ನಿಮಿಷಗಳಲ್ಲಿ ಹೇಳುವುದನ್ನೇ ಬಿಟ್ಟು "ಅಜ್ಜಿ ಫೋನು, ಒಂಬತ್ತು ಸುತ್ತು" ಎನ್ನುತ್ತಾಳೆ. ಹೆಜ್ಜೆ ಚಿಕ್ಕದು, ಚುರುಕು. ಬಲಭುಜ ಎಡಕ್ಕಿಂತ ತುಸು ತಗ್ಗು. ಆ ತಗ್ಗಿಗೆ ಕಾರಣ ಹದಿನೇಳು ವರ್ಷದಿಂದ ಅಲ್ಲೇ ತೂಗುತ್ತಿರುವ ಖಾಕಿ ಚೀಲ. ಅದರಲ್ಲಿ ಬ್ರೈಲ್ ಸ್ಲೇಟು, ಅಳತೆಯ ಟೇಪು, ಸೈಕಲ್ಲಿನ ಒಂದು ಗಂಟೆ, ಹಸಿದ ಮಕ್ಕಳಿಗೆಂದು ಅಚ್ಚು ಬೆಲ್ಲ, ಮತ್ತು ಹಸಿರು ರಟ್ಟಿನ ಒಂದು ನೋಟ್‌ಬುಕ್ಕು. ತಾಲ್ಲೂಕಿನ ಹಳ್ಳಿಶಾಲೆಗಳಲ್ಲಿ ಓದುವ, ಕಣ್ಣು ಕಾಣದ ಹನ್ನೆರಡು ಮಕ್ಕಳ ಬಳಿಗೆ ಸರದಿಯಂತೆ ತಾವೇ ಹೋಗಿ ಕಲಿಸುವುದು ಅವರ ಕೆಲಸ. ಓದಿದ್ದು ಭೌತಶಾಸ್ತ್ರ. ಅದರಿಂದ ಉಳಿದುಬಂದದ್ದು ಒಂದು ಪ್ರಶ್ನೆ. ಯಾರಾದರೂ "ಈ ಮಗು ತುಂಬಾ ಎಡವುತ್ತೆ" ಎಂದರೆ ಮೇಡಂ ತಲೆಯೆತ್ತಿ ಕೇಳುತ್ತಾರೆ: "ತುಂಬಾ ಅಂದ್ರೆ ಎಷ್ಟು?"

ಆ ಪ್ರಶ್ನೆಗೆ ನಿಖರವಾದ ಉತ್ತರ ಸಿಕ್ಕಿದ್ದು ಎರಡು ವರ್ಷದ ಹಿಂದೆ, ಮೂಗೂರಿನ ಆಚೆಯ ಒಂದು ಶಾಲೆಯಲ್ಲಿ, ಮುಖ್ಯೋಪಾಧ್ಯಾಯ ಶಂಭುಲಿಂಗಪ್ಪನವರ ಬಾಯಿಂದ.

"ಈ ತಿಂಗಳು ಹನ್ನೊಂದು ಸಲ ಮೇಡಂ. ಹಣೆಗೆ ನಾಲ್ಕು ಹೊಲಿಗೆ. ನಂಗೂ ಮೊಮ್ಮಕ್ಕಳವೆ. ನೋಡಕಾಗಲ್ಲ."

ಬೀಳುತ್ತಿದ್ದವಳು ಆರನೇ ತರಗತಿಯ ಅರ್ಪಿತ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸು. ದೃಷ್ಟಿ ಬರಲೇ ಇಲ್ಲ. ಉಳಿದ ಅಂಧ ಮಕ್ಕಳು ಬಿಳಿಕೋಲು ಹಿಡಿದು ಮೂರು ತಿಂಗಳಲ್ಲಿ ಶಾಲೆಯ ಅಂಗಳವನ್ನೆಲ್ಲ ಅಳೆದುಬಿಡುತ್ತಿದ್ದರೆ, ಅರ್ಪಿತ ಕೋಲು ಹಿಡಿದೂ ತೂರಾಡುತ್ತಿದ್ದಳು, ತಲೆ ತಿರುಗಿಸಿದರೆ ಸಾಕು, ಪಕ್ಕಕ್ಕೆ ವಾಲುತ್ತಿದ್ದಳು. ಮೇಡಂ ಮೊದಲಿಗೆ ಅದನ್ನು ಭಯವೆಂದೇ ತಿಳಿದು ಗದರಿದ್ದರು. ಮೈಸೂರಿನ ಕಿವಿ ವೈದ್ಯರು ಪರೀಕ್ಷೆ ಮಾಡಿ, ಕಿವಿಯೊಳಗೆ ದೇಹದ ಸಮತೋಲನ ಕಾಯುವ ಅಂಗ ಎರಡು ಕಡೆಯೂ ಕೆಲಸ ಮಾಡುತ್ತಿಲ್ಲವೆಂದು ಹೇಳಿದ ದಿನ, ಮೇಡಂ ಆಸ್ಪತ್ರೆಯ ಕಾರಿಡಾರಿನಲ್ಲಿ ಇಪ್ಪತ್ತು ಸುತ್ತಾದರೂ ಹಾಕಿರಬೇಕು. ಗದರಿದ ಮಾತುಗಳನ್ನು ಆಮೇಲೆ ಯಾವ ಅಳತೆಯಿಂದ ಹಿಂದಕ್ಕೆ ಪಡೆಯುವುದು?

ಶಂಭುಲಿಂಗಪ್ಪನವರು ಕೆಟ್ಟವರಲ್ಲ. ಅವರ ಮೇಜಿನ ಮೇಲೆ ಒಂದು ಅರ್ಜಿ ತಯಾರಾಗಿತ್ತು: ಅರ್ಪಿತಳನ್ನು ಗೃಹಾಧಾರಿತ ಶಿಕ್ಷಣಕ್ಕೆ ಬಿಡಬೇಕೆಂದು. ಎಂದರೆ ಆಕೆ ಮನೆಯಲ್ಲೇ ಇರುವುದು, ಶಿಕ್ಷಕರೊಬ್ಬರು ಆಗಾಗ ಹೋಗಿಬರುವುದು. ಗುಂಪಿನಲ್ಲಿ ಕೂತು ಮಗ್ಗಿ ಕೂಗುವುದು, ಬೆಂಚಿನ ಪಕ್ಕದವಳ ಜೊತೆ ಜಗಳವಾಡುವುದು, ಎಲ್ಲವೂ ಅಲ್ಲಿಗೆ ಮುಗಿಯುವುದು. ಮೇಡಂ ಎರಡು ತಿಂಗಳು ಗಡುವು ಕೇಳಿದರು. ಮುಖ್ಯೋಪಾಧ್ಯಾಯರು ಷರತ್ತು ಹಾಕಿದರು: "ಕ್ಲಾಸಿಂದ ಶೌಚಾಲಯಕ್ಕೆ ಅವಳೊಬ್ಬಳೇ ಹೋಗಿ ಬರ್ಲಿ. ಯಾರೂ ಕೈ ಹಿಡೀಬಾರ್ದು. ಆಗ ನಾನು ಈ ಕಾಗದ ಕಳ್ಸಲ್ಲ."

ದೂರ ಐವತ್ತೆರಡು ಅಡಿ. ಮೇಡಂ ಅದೇ ಗಳಿಗೆಯಲ್ಲಿ ಟೇಪು ಹಿಡಿದು ಅಳೆದರು.

ಮುಂದಿನ ವಾರ ಅವರು ಮಾಡಿದ ಕೆಲಸವನ್ನು ಊರೆಲ್ಲ ಹೊಗಳಿತು. ನಂಜನಗೂಡಿನ ಕಾರ್ಖಾನೆಯೊಂದರ ಬಾಗಿಲಿಗೆ ಮೂರು ಬಾರಿ ಅಲೆದು, ಕೆಂಪು ನೀಲಿ ಬಣ್ಣದ ದಪ್ಪ ಸ್ಪಂಜಿನ ಮ್ಯಾಟುಗಳನ್ನು ದಾನವಾಗಿ ಪಡೆದು, ಸಿದ್ದರಾಜುವಿನ ಬೈಗುಳದ ನಡುವೆ ಬಸ್ಸಿಗೇರಿಸಿ ತಂದು, ಜಗಲಿಯ ಉದ್ದಕ್ಕೂ ತಾವೇ ಮಂಡಿಯೂರಿ ಹಾಸಿದರು. ಇನ್ನು ಮಗು ಬಿದ್ದರೂ ಪೆಟ್ಟಾಗದು. ಶಂಭುಲಿಂಗಪ್ಪನವರು ಮ್ಯಾಟಿನ ಮೇಲೆ ನಿಂತು ಫೋಟೊ ತೆಗೆಸಿಕೊಂಡರು.

ಪೆಟ್ಟೇನೋ ಆಗಲಿಲ್ಲ. ಆದರೆ ಹಸಿರು ನೋಟ್‌ಬುಕ್ಕಿನಲ್ಲಿ, ಬಿದ್ದ ದಿನ, ವೇಳೆ, ಜಾಗ, ಯಾವ ಮಗ್ಗುಲು ಎಂದು ಬರೆದಿಡುವ ಪುಟದಲ್ಲಿ, ವಾರಕ್ಕೆ ಮೂರಿದ್ದ ಬೀಳುವಿಕೆ ಎಂಟಾಯಿತು. ಮೇಡಂ ಅಂಕಿಗಳನ್ನು ನೋಡಿದರು, ನಂಬಲಿಲ್ಲ. ಧೈರ್ಯ ಬಂದು ಹೆಚ್ಚು ಓಡಾಡುತ್ತಿದ್ದಾಳೆ, ಅದಕ್ಕೇ ಹೆಚ್ಚು ಬೀಳುತ್ತಾಳೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಅಂಕಿಯನ್ನು ದೇವರಂತೆ ನಂಬುವವರು ಅಂಕಿಗೆ ಬೆನ್ನು ತಿರುಗಿಸಿದ್ದು ಅದೊಂದು ಸಲ. ತಾವು ಮಂಡಿ ಸವೆಸಿ ಹಾಸಿದ ಮ್ಯಾಟು ತಾನೆ!

ಎರಡು ವಾರ ಹಾಗೇ ಕಳೆಯಿತು. ಮೂರನೆಯ ವಾರ ಅರ್ಪಿತ ಶಾಲೆಗೇ ಬರಲಿಲ್ಲ. ಮೇಡಂ ಮನೆ ಹುಡುಕಿಕೊಂಡು ಹೋದರು.

ಅಲ್ಲಿ ಕಂಡದ್ದನ್ನು ನೋಡಿ, ಸದಾ ಚಲಿಸುವ ಆ ಕಾಲುಗಳು ಗದ್ದೆಯ ಅಂಚಿನಲ್ಲಿ ನಿಂತುಬಿಟ್ಟವು. ಗಾಡಿಹಾದಿಯ ಗಟ್ಟಿ ನೆಲದ ಮೇಲೆ ಒಂದು ಹಸು ಬರುತ್ತಿತ್ತು. ಅದರ ಪಕ್ಕದಲ್ಲಿ ಬರಿಗಾಲಲ್ಲಿ, ಕೋಲಿಲ್ಲದೆ, ಅರ್ಪಿತ. ಅವಳು ಹಸುವಿಗೆ ಒರಗಿರಲಿಲ್ಲ, ಅದನ್ನು ಹಿಡಿದೂ ಇರಲಿಲ್ಲ. ಎರಡು ಬೆರಳ ತುದಿ ಹಸುವಿನ ಬೆನ್ನಿಗೆ ತಾಗಿತ್ತು, ನೊಣ ಕೂತಷ್ಟು ಹಗುರವಾಗಿ. ಅಷ್ಟಕ್ಕೇ ಅವಳ ನಡಿಗೆ ನೆಟ್ಟಗಿತ್ತು.

ಅಜ್ಜಿ ಶಿವನಂಜಮ್ಮ ಹುಲ್ಲಿನ ಹೊರೆ ಇಳಿಸಿ ಸೊಂಟಕ್ಕೆ ಕೈಯಿಟ್ಟರು.

"ಇಲ್ಲಿ ಅವ್ಳು ಬಿದ್ದದ್ದ ನಾ ಕಾಣೆ ಕಣವ್ವ. ನಿಮ್ ಇಸ್ಕೂಲಲ್ಲೇ ಬೀಳೋದು. ನೆಲವೇ ಸರಿಯಿಲ್ವೇನೋ ನೋಡ್ರವ್ವ, ಓದ್ದೋರು."

"ಯಾಕೆ ಬರಲಿಲ್ಲ ಅರ್ಪಿತ?" ಎಂದು ಮೇಡಂ ಕೇಳಿದರು.

ಹುಡುಗಿ ಹಸುವಿನ ಬೆನ್ನಿನಿಂದ ಬೆರಳು ತೆಗೆಯದೆ ಹೇಳಿದಳು: "ಆ ಮೆತ್ತೆ ಮೇಲೆ ನಿಂತ್ರೆ ನಂಗೆ ನೆಲಾನೇ ಇಲ್ದಂಗಾಯ್ತದೆ ಮಿಸ್. ನೀವು ಕಷ್ಟಪಟ್ಟು ತಂದಿದ್ದು ಅಂತ ಎಲ್ರೂ ಹೇಳ್ತಿದ್ರು. ಅದ್ಕೆ ನಿಮ್ಗೆ ಹೇಳ್ಲಿಲ್ಲ."

ಅಂದು ಮೇಡಂ ಮೂಗೂರಿನ ಬಸ್‌ಸ್ಟಾಪಿನವರೆಗೆ ನಡೆದೇ ಬಂದರು. ಪಾಠ ಮಾಡಿದ ವಿಜ್ಞಾನವೆಲ್ಲ ಹೆಜ್ಜೆಹೆಜ್ಜೆಗೂ ತಿರುಗಿ ಅವರನ್ನೇ ಕೇಳುತ್ತಿತ್ತು. ದೇಹ ನೆಟ್ಟಗೆ ನಿಲ್ಲಲು ಮೂರು ಕಡೆಯಿಂದ ಸುದ್ದಿ ಬರಬೇಕು: ಕಣ್ಣಿನಿಂದ, ಒಳಗಿವಿಯಿಂದ, ಪಾದ ಮತ್ತು ಕೀಲುಗಳಿಂದ. ಈ ಮಗುವಿಗೆ ಮೊದಲೆರಡೂ ಇಲ್ಲ. ಉಳಿದಿದ್ದ ಮೂರನೆಯದರ ಮೇಲೆ, ಪ್ರೀತಿಯಿಂದ, ಒಂದೂವರೆ ಅಂಗುಲ ದಪ್ಪದ ಸ್ಪಂಜು ಹಾಸಿದವರು ಯಾರು? ಮರುದಿನ ಬಸ್ಸಿನಲ್ಲಿ ಅವರು ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಮಡಿಚಿದ ಬೆಡ್‌ಶೀಟಿನ ಮೇಲೆ ನಿಂತು ನೋಡಿದರು. ಬದನೆಕಾಯಿ ಮೂಟೆಯ ಮೇಲೆ ಬಿದ್ದದ್ದು ಆ ದಿನವೇ.

ಮ್ಯಾಟುಗಳನ್ನು ಸುರುಳಿ ಸುತ್ತುತ್ತಿದ್ದಾಗ ಶಂಭುಲಿಂಗಪ್ಪನವರು ಓಡಿ ಬಂದರು.

"ಅಲ್ಲ ಮೇಡಂ, ಹಾಕ್ದೋರೂ ನೀವೇ, ಕೀಳೋರೂ ನೀವೇ. ನಾಳೆ ತಲೆ ಒಡೆದ್ರೆ ಜವಾಬ್ದಾರಿ ಯಾರ್ದು?"

"ನಂದೇ ಸಾರ್. ಹಾಕಿದ್ದು ನನ್ನ ತಪ್ಪು. ಬರೆದುಕೊಡ್ತೀನಿ."

ಬರೆದೂ ಕೊಟ್ಟರು, ಸಹಿ ಮತ್ತು ದಿನಾಂಕ ಸಹಿತ. ಆಮೇಲೆ ಅರ್ಪಿತಳನ್ನು ಮತ್ತೆ ಶಾಲೆಗೆ ಕರೆತಂದು, ಅವಳ ದಪ್ಪ ಅಟ್ಟೆಯ ಶಾಲಾ ಬೂಟು ಬಿಡಿಸಿದರು. ಗೋಡೆಯುದ್ದಕ್ಕೂ ಬೆರಳ ತುದಿ ಆಡಿಸುತ್ತಾ ನಡೆಯುವುದನ್ನು, ಸದ್ದು ಬಂದ ಕಡೆಗೆ ತಲೆ ತಿರುಗಿಸುವ ಮೊದಲು ನಿಲ್ಲುವುದನ್ನು, ಬೀಳುವುದೇ ಆದರೆ ಮಂಡಿ ಮಡಿಸಿ ಕೂತುಬಿಡುವುದನ್ನು ಕಲಿಸಿದರು. ಜಗಲಿ ಮುಗಿದು ಶೌಚಾಲಯ ಶುರುವಾಗುವವರೆಗೆ ಗೋಡೆಯಿಲ್ಲದ ಹದಿನಾಲ್ಕು ಅಡಿ ಬಯಲಿತ್ತು. ಅಲ್ಲಿ ಕಂಬದಿಂದ ಹೊಂಗೆಮರಕ್ಕೆ ಸೊಂಟದ ಎತ್ತರದಲ್ಲಿ ಒಂದು ಹಗ್ಗ ಬಿಗಿದರು. "ಹಿಡ್ಕೊಂಡು ಜೋತಾಡಬೇಡ. ಹಸು ಅಂದ್ಕೊ," ಎಂದರು.

ಗಡುವಿನ ಶನಿವಾರ ಬಂತು. ಶಂಭುಲಿಂಗಪ್ಪನವರು ಅರ್ಜಿಯನ್ನು ಜೇಬಿನಲ್ಲಿಟ್ಟುಕೊಂಡೇ ಜಗಲಿಗೆ ಬಂದರು. ಅರ್ಪಿತ ಹೊರಟಳು. ಗೋಡೆ, ಬಾಗಿಲು, ಗೋಡೆ, ಕಂಬ. ಹಗ್ಗ ಸಿಕ್ಕಿತು. ಬಯಲಿನ ನಡುಮಧ್ಯದಲ್ಲಿದ್ದಾಗ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹಾರನ್ ಹೊಡೆಯಿತು. ಅವಳ ತಲೆ ತಟ್ಟನೆ ತಿರುಗಿತು, ಮೈ ವಾಲಿತು, ಬೆರಳು ಹಗ್ಗದಿಂದ ಕಳಚಿತು.

ಮುಖ್ಯೋಪಾಧ್ಯಾಯರು ಮುಂದಕ್ಕೆ ಹಾರಿದರು. ರುದ್ರಾಣಿ ಮೇಡಂ ಅವರ ತೋಳು ಹಿಡಿದು ನಿಲ್ಲಿಸಿದರು. ಕೂರಲಾರದ, ನಿಲ್ಲಲಾರದ ಆ ಹೆಂಗಸು ತಮ್ಮ ಮೈಯಲ್ಲಿದ್ದ ಚಡಪಡಿಕೆಯನ್ನೆಲ್ಲ ಆ ಒಂದು ಹಿಡಿತಕ್ಕೆ ಸುರಿದು ಅಲುಗದೆ ನಿಂತರು.

"ಬೇಡಿ ಸಾರ್. ಎಷ್ಟು ಹೊತ್ತಾಗುತ್ತೋ ನೋಡೋಣ."

ಅರ್ಪಿತ ಮಂಡಿ ಮಡಿಸಿ ನೆಲಕ್ಕೆ ಕೂತಿದ್ದಳು. ಅಂಗೈಯನ್ನು ಮಣ್ಣಿಗೆ ಒತ್ತಿದಳು. ಪಾದ ಊರಿದಳು. ಎದ್ದು ನಿಂತು, ಗಾಳಿಯಲ್ಲಿ ಕೈ ಆಡಿಸಿ, ಹಗ್ಗಕ್ಕೆ ಬೆರಳು ತಾಗಿಸಿ, ಒಮ್ಮೆ ಮೂಗು ಒರೆಸಿಕೊಂಡು ಮುಂದೆ ಹೋದಳು. ಹೋಗಿ, ಬಂದಳು.

"ಬಿದ್ಳಲ್ಲ ಮೇಡಂ," ಎಂದರು ಶಂಭುಲಿಂಗಪ್ಪ, ತೋಳು ಉಜ್ಜಿಕೊಳ್ಳುತ್ತಾ.

"ಬಿದ್ಲು. ಹತ್ತೊಂಬತ್ತು ಸೆಕೆಂಡಲ್ಲಿ ಎದ್ಲು."

ಮುಖ್ಯೋಪಾಧ್ಯಾಯರು ಹೋಗಿ ಹಗ್ಗವನ್ನು ಜಗ್ಗಿ ನೋಡಿದರು. ಕಾಗದವನ್ನು ಹರಿಯಲಿಲ್ಲ, ಜೇಬಿನಿಂದ ತೆಗೆದು ಬೀರುವಿನೊಳಗಿಟ್ಟರು. "ಹಗ್ಗ ಸಡ್ಲ ಆಗದೆ. ಇನ್ನೊಂದು ಗೂಟ ಹೊಡ್ಸಣ," ಎಂದರು. ಅರ್ಪಿತ ಈಗ ಎಂಟನೇ ತರಗತಿ, ಅದೇ ಶಾಲೆ. ಕಾಗದ ಇನ್ನೂ ಅದೇ ಬೀರುವಿನಲ್ಲಿದೆ. ಅದಿರುವವರೆಗೆ ಮೇಡಂಗೆ ಪೂರ್ತಿ ನೆಮ್ಮದಿಯಿಲ್ಲ. ಹಸಿರು ನೋಟ್‌ಬುಕ್ಕಿನಲ್ಲಿ ಆ ಪುಟವೂ ಮುಗಿದಿಲ್ಲ.

ಬೀಳುವವರನ್ನು ಕಂಡೊಡನೆ ಕೈ ಚಾಚುವುದು ಮನುಷ್ಯನ ಸಹಜ ಗುಣ; ಅಂಥವರಿಂದಲೇ ಊರು ಊರಾಗಿ ಉಳಿದಿದೆ. ರುದ್ರಾಣಿ ಮೇಡಂ ಅಂಥವರ ಕುಲದಲ್ಲಿ ಇನ್ನೊಂದು ಕವಲು. ಕೈ ಚಾಚುವ ಮೊದಲು ಅವರು ತಮ್ಮ ಚಪ್ಪಲಿ ಬಿಟ್ಟು, ಬಿದ್ದವರ ನೆಲದ ಮೇಲೆ ಕಣ್ಣು ಮುಚ್ಚಿ ನಿಂತು ನೋಡುತ್ತಾರೆ; ತಮ್ಮ ದಯೆಯನ್ನೂ ಟೇಪು ಹಿಡಿದು ಅಳೆಯುತ್ತಾರೆ; ತಪ್ಪಿದ್ದರೆ ಸುರುಳಿ ಸುತ್ತಿ ಎತ್ತಿಡುತ್ತಾರೆ. ಇಂಥವರಿಗೆ ಸೀಟು ಸಿಗುವುದಿಲ್ಲವೆಂದಲ್ಲ, ಸಿದ್ದರಾಜು ದಿನವೂ ತೋರಿಸುತ್ತಾನೆ. ಕೂತರೆ ಕಾಲಡಿಯ ಸುದ್ದಿ ತಪ್ಪಿಹೋದೀತೆಂದು ಅವರು ನಿಂತೇ ಹೋಗುತ್ತಾರೆ.