ಮುನಿವೆಂಕಟಮ್ಮನ ಹೆಸರು ಎಷ್ಟನೆಯದು

ನಮ್ಮ ಸಾರಕ್ಕಿ ಮನೆಯಲ್ಲಿ ಮದುವೆ ಪತ್ರಿಕೆ ಅಚ್ಚಾಗುವ ಮೊದಲು ಒಂದೆರಡು ಜಗಳ ಖಂಡಿತ. ಯಾರ ಹೆಸರು ಮೊದಲು, ಯಾರದು ಆಮೇಲೆ ಎಂಬುದಕ್ಕೆ. ತೀರ್ಪು ಕೊಡುವವಳು ನಮ್ಮಜ್ಜಿ ಮುನಿವೆಂಕಟಮ್ಮ. ಪ್ರತಿ ಸಲವೂ ಅವಳ ತೀರ್ಪಿನಲ್ಲಿ ಅವಳ ಹೆಸರೇ ಮೊದಲಿರುತ್ತದೆ. ಅದು ಹೇಗೆ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ.

ಹೋದ ವರ್ಷ ನನಗೆ ಹತ್ತೊಂಬತ್ತು. ಬದುಕಿರುವುದೇ ಬೇಡ ಅನ್ನಿಸುತ್ತಿತ್ತು. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಅಮ್ಮ ನನ್ನನ್ನು ಜಯನಗರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ನನ್ನಂಥ ಹುಡುಗ ಹುಡುಗಿಯರಿಗೆ ಯಾವ ಬಗೆಯ ಮಾತಿನ ಚಿಕಿತ್ಸೆ ಹೆಚ್ಚು ಉಪಯೋಗ ಎಂದು ಅಲ್ಲಿ ಸಂಶೋಧನೆ ನಡೆಯುತ್ತಿತ್ತು. ಎರಡು ಗುಂಪು, ಒಂದಕ್ಕೆ ಮಾಮೂಲಿ ಚಿಕಿತ್ಸೆ, ಇನ್ನೊಂದಕ್ಕೆ ಹೊಸದು. ಯಾರು ಎಲ್ಲಿಗೆ ಎಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಹೇಳುತ್ತದೆ. ಆ ಕಂಪ್ಯೂಟರಿನವರು ಯಾರಿಗಾದರೂ ಪರಿಚಯವೇ ಎಂದು ಅಜ್ಜಿ ನಾಲ್ಕು ಕಡೆ ವಿಚಾರಿಸಿದಳು. ಶಿಫಾರಸಿಲ್ಲದೆಯೇ ನನಗೆ ಹೊಸದು ಸಿಕ್ಕಿತು.

ಅದರಲ್ಲಿ ಮೊದಲ ಕೆಲಸ ಒಂದು ಕಾರ್ಡು. ಆ ಯೋಚನೆ ಬಂದಾಗ ಯಾರಿಗೆ ಫೋನ್ ಮಾಡುತ್ತೇನೆ ಎಂದು ನನ್ನ ಕೈಯಾರೆ ಬರೆಯಬೇಕು. ಹಿಂಬದಿಯಲ್ಲಿ ಕ್ಲಿನಿಕ್ಕಿನ ನಂಬರಿತ್ತು. ಯಾರ ದಾಕ್ಷಿಣ್ಯಕ್ಕೂ ಬರೆಯಬೇಡ ಎಂದು ನನ್ನ ಥೆರಪಿಸ್ಟ್ ಸಮನ್ವಿತಾ ಮೇಡಂ ಹೇಳಿದ್ದರು. ನಾನು ಮೂರು ಹೆಸರು ಬರೆದೆ: ಗೆಳೆಯ ದೀಪಕ್, ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದು ಬಟ್ಟೆ ಹೊಲಿಯುವ ಲತಾಮಣಿ ಆಂಟಿ, ಅಮ್ಮ.

ಕಾರ್ಡು ಅಜ್ಜಿಯ ಕಣ್ಣಿಗೆ ಬಿತ್ತು. ಬಾಡಿಗೆಯವಳ ಹೆಸರಿದೆ, ಮನೆ ಓನರ್ ಹೆಸರಿಲ್ಲ. ಮೂರು ದಿನ ನನ್ನ ಜೊತೆ ಮಾತು ಬಿಟ್ಟಳು. ಅದು ಯಾವ ಚಿಕಿತ್ಸೆಯೋ ದೇವರೇ ಬಲ್ಲ. ನಾಲ್ಕನೆಯ ದಿನ ರೇಷ್ಮೆ ಸೀರೆ ಉಟ್ಟು ನನ್ನ ಜೊತೆ ಕ್ಲಿನಿಕ್ಕಿಗೆ ಹೊರಟಳು, ಮದುವೆ ಪತ್ರಿಕೆಯಲ್ಲಿ ಪ್ರೆಸ್ಸಿನವರು ಮಾಡಿದ ತಪ್ಪು ತಿದ್ದಿಸಲು ಹೋಗುವವಳಂತೆ. ತಿದ್ದುವ ಅಧಿಕಾರ ನಿಮ್ಮ ಮೊಮ್ಮಗಳಿಗೆ ಮಾತ್ರ, ಕಾರಣ ಅವಳನ್ನೇ ಕೇಳಿ ಎಂದರು ಮೇಡಂ. ಅಜ್ಜಿ ನನ್ನ ಕಡೆ ತಿರುಗಿದಳು.

"ನೀನು ಮಾತಾಡ್ತೀಯಲ್ಲ ಅಜ್ಜಿ," ಎಂದೆ. "ನಾನು ಒಂದು ಹೇಳೋದ್ರೊಳಗೆ ಹತ್ತು ಹೇಳಿರ್ತೀಯ."

ಅಜ್ಜಿಯ ಮುಖ ಸಣ್ಣಗಾಯಿತು. ನನಗೂ ಪಾಪ ಅನ್ನಿಸಿತು. ಮಾತಾಡದೆ ಮತ್ತೇನು ಮಾಡಬೇಕು ಎಂದು ಅವಳು ಮೇಡಂ ಅವರನ್ನು ಕೇಳಿದಳು. ಅವಳ ಫೋನ್ ಬಂದರೆ ಎಲ್ಲಿದ್ದಾಳೆ ಎಂದು ಕೇಳಿ, ಬುದ್ಧಿ ಹೇಳಬೇಡಿ, ಸುಮ್ಮನೆ ಕೇಳಿಸಿಕೊಳ್ಳಿ, ಯಾರಾದರೂ ಅವಳ ಹತ್ತಿರ ಹೋಗುವವರೆಗೆ ಫೋನ್ ಇಡಬೇಡಿ ಎಂದು ಅವರು ಹೇಳಿಕೊಟ್ಟರು.

ಅಂದಿನಿಂದ ಅಭ್ಯಾಸ ಶುರುವಾಯಿತು. ಲತಾಮಣಿ ಆಂಟಿ ಮಹಡಿಯಿಂದ ಫೋನ್ ಮಾಡಿ ನೀರು ಬರುತ್ತಿಲ್ಲ, ಬಾತ್‌ರೂಮ್ ಸೋರುತ್ತಿದೆ ಎಂದು ಹೇಳುವುದು, ಅಜ್ಜಿ ಕೆಳಗೆ ಕೂತು ಬರೀ ಹ್ಞೂಂ ಎನ್ನುವುದು. ಎಂಟು ವರ್ಷದ ದೂರುಗಳನ್ನು ಆಂಟಿ ಒಂದೇ ವಾರದಲ್ಲಿ ತೀರಿಸಿಕೊಂಡರು. ಎರಡನೆಯ ದಿನವೇ ಅಜ್ಜಿ ತಡೆಯಲಾರದೆ ತಿರುಗಿ ಬೈದು, ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು. ನೋಡಿ ನಕ್ಕುಬಿಟ್ಟೆ. ನಕ್ಕು ಎಷ್ಟೋ ದಿನವಾಗಿತ್ತು. ಆದರೂ ಕಾರ್ಡಿಗೆ ಅಜ್ಜಿಯ ಹೆಸರು ಸೇರಿಸಲಿಲ್ಲ.

ಒಂದು ಮಧ್ಯಾಹ್ನ ಕಾಲೇಜಿನಿಂದ ಬರುವಾಗ ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಆ ಯೋಚನೆ ಬಂತು. ಈ ಸಲ ನನಗೇ ಭಯವಾಗುವಷ್ಟು ಜೋರಾಗಿ ಬಂತು. ಕಾರ್ಡು ತೆಗೆದೆ. ದೀಪಕ್ ಎತ್ತಲಿಲ್ಲ, ಅವನಿಗೆ ಅಂದು ಪರೀಕ್ಷೆ. ಆಂಟಿ ಎತ್ತಲಿಲ್ಲ, ಮಷೀನಿನ ಸದ್ದಿನಲ್ಲಿ ಕೇಳಿಸಿರಲಿಕ್ಕಿಲ್ಲ. ಅಮ್ಮನ ಫೋನ್ ಸ್ವಿಚ್ ಆಫ್. ಕ್ಲಿನಿಕ್ಕಿಗೆ ಮಾಡೋಣವೆಂದು ಕಾರ್ಡು ತಿರುಗಿಸುವ ಮೊದಲೇ ಬೆರಳು ಅಜ್ಜಿಯ ನಂಬರ್ ಒತ್ತಿತ್ತು.

"ಎಲ್ಲಿದ್ದೀಯ?" ಎಂದಳು. ಹೇಳಿದೆ. "ಹ್ಞೂಂ," ಎಂದಳು.

ಅಷ್ಟೇ. ನಾನು ಅತ್ತೆ, ಒಳಗಿದ್ದದ್ದನ್ನೆಲ್ಲ ಹೇಳಿದೆ, ಎಲ್ಲರನ್ನೂ ಬೈದೆ, ಅವಳನ್ನೂ ಬೈದೆ. ಎಲ್ಲದಕ್ಕೂ ಹ್ಞೂಂ. ನಡುನಡುವೆ ಅವಳ ಕಡೆಯಿಂದ ಆಟೋ ಹಾರ್ನು ಕೇಳಿಸುತ್ತಿತ್ತು. ಸಾರಕ್ಕಿ ಸಿಗ್ನಲ್ಲಿನಲ್ಲಿ ಯಾರನ್ನೂ ಬೈಯದೆ ಕೂತ ಮುನಿವೆಂಕಟಮ್ಮನನ್ನು ಆ ಆಟೋದವನೊಬ್ಬನೇ ನೋಡಿರುವುದು. ತಲೆಯೆತ್ತಿದರೆ ಎದುರಿಗೇ ನಿಂತಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಫೋನ್ ಇನ್ನೂ ಕಿವಿಯಲ್ಲೇ ಇತ್ತು. ನನ್ನ ಮುಖ ನೋಡುತ್ತಲೇ ಫೋನಿನೊಳಗೆ ಇನ್ನೊಂದು ಸಲ ಹ್ಞೂಂ ಎಂದಳು.

ಅದೇ ಆಟೋದಲ್ಲಿ ಕ್ಲಿನಿಕ್ಕಿಗೆ ಹೋದೆವು. ಮೇಡಂ ಜೊತೆ ತುಂಬಾ ಹೊತ್ತು ಮಾತಾಡಿ ಸ್ವಲ್ಪ ಸಮಾಧಾನವಾದ ಮೇಲೆ ಕಾರ್ಡು ತೆಗೆದು, ದೀಪಕನಿಗಿಂತ ಮೇಲೆ ಅಜ್ಜಿಯ ಹೆಸರು ಬರೆಯಲು ಹೊರಟೆ. ಅವಳು ನನ್ನ ಕೈ ಹಿಡಿದಳು.

"ಮೇಲೆ ಬೇಡ ಕಣೇ, ಕೊನೇಲಿ ಬರಿ. ಯಾರೂ ಎತ್ತದೆ ಇದ್ದಾಗ ನಿನ್ನ ಬೆರಳು ಬಂದು ನಿಲ್ಲೋದು ಅಲ್ಲೇ ತಾನೆ."

ನಾಲ್ಕನೆಯದಾಗಿ ಬರೆದೆ. ಜೀವಮಾನದಲ್ಲಿ ಮೊದಲ ಸಲ ಮುನಿವೆಂಕಟಮ್ಮ ಪಟ್ಟಿಯ ಕೊನೆಯಲ್ಲಿ ನಿಂತಳು, ಅದೂ ತಾನಾಗಿ ಕೇಳಿ.