ಹೊಳೆಗೆ ಬಿಟ್ಟ ಫೈಲು

"ನಿಮ್ಮ ಅಕ್ಕನ್ನ ಕೈ ಹಿಡ್ಕೊಂಡು ನಿಧಾನ ಕರ್ಕೊಂಬರ್ರಿ," ಎಂದಳು ನರ್ಸಮ್ಮ.

ಖತೀಜಾಬೀಗೆ ಅಕ್ಕ ಯಾರೂ ಇರಲಿಲ್ಲ. ಅವಳು ಕೈ ಹಿಡಿದಿದ್ದು ಹೆತ್ತ ಮಗಳನ್ನು. ತಾಯಿಗೆ ಐವತ್ತೆರಡು, ಮಗಳು ನುಜತ್‌ಗೆ ಇಪ್ಪತ್ತೊಂಬತ್ತು. ನರ್ಸಮ್ಮನನ್ನು ಬೈದು ಫಲವಿಲ್ಲ, ಕಣ್ಣಿಗೆ ಕಂಡಿದ್ದನ್ನು ಅವಳು ಆಡಿದಳು. ತಲೆಬಟ್ಟೆಯಂಚಿನಿಂದ ಇಣುಕುತ್ತಿದ್ದ ಕೂದಲು ಮಗಳದೇ ಹೆಚ್ಚು ಬೆಳ್ಳಗಿತ್ತು. ನುಜತ್‌ಗೆ ಮುಟ್ಟು ನಿಂತು ನಾಲ್ಕು ವರ್ಷವಾಗಿತ್ತು. ಹೋದ ವರ್ಷ ಬಚ್ಚಲಲ್ಲಿ ಜಾರಿ ಕೈಯೂರಿದ್ದಷ್ಟಕ್ಕೇ ಮಣಿಕಟ್ಟಿನ ಮೂಳೆ ಮುರಿದಿತ್ತು. ಈಗ ಮೂರು ತಿಂಗಳಿಂದ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಇಷ್ಟೆಲ್ಲ ಆಗುವವರೆಗೆ ಹೆತ್ತವಳು ಏನು ಮಾಡುತ್ತಿದ್ದಳು ಎಂದು ನೀವು ಕೇಳಬಹುದು. ಖತೀಜಾಬೀ ಹತ್ತಿರ ಉತ್ತರವಿತ್ತು, ಬಾಯಿಬಿಟ್ಟು ಹೇಳುವಂಥದ್ದಲ್ಲ ಅಷ್ಟೇ.

ಹಿಂದೆಯೇ ಅಳಿಯ ಅತೀಕ್ ಬಂದ. ಆನೆಕೊಂಡದಲ್ಲಿ ಬೈಕಿನ ಸೀಟ್ ಕವರ್ ಹೊಲಿಯುವ ಅಂಗಡಿ ಅವನದು. ಅದಕ್ಕೆ ಬೀಗ ಹಾಕಿ ಬಂದಿದ್ದ. ಹೆಂಡತಿಯ ಚಪ್ಪಲಿ ಕೈಯಲ್ಲಿ ಹಿಡಿದಿದ್ದ. ಕಾಲು ಊದಿ ಅವಳಿಗೆ ಹಾಕಿಕೊಳ್ಳಲು ಆಗುತ್ತಿರಲಿಲ್ಲ.

ಹೃದಯದ ಡಾಕ್ಟರ್ ರೂಪಶ್ರೀ ಎಕೋ ರಿಪೋರ್ಟನ್ನು ಎರಡು ಸಲ ಓದಿದರು. "ಕೂಡ್ರಿ. ಹಾರ್ಟು ಬಾಳ ವೀಕ್ ಆಗೈತೆ. ಅರುವತ್ತು ಪರ್ಸೆಂಟ್ ಪಂಪ್ ಮಾಡಬೇಕಾದ್ದು ಮೂವತ್ತಕ್ಕಿಳಿದೈತೆ. ಈ ವಯಸ್ಸಿಗೆ ಹಿಂಗಾಗಬಾರದು. ಮಕ್ಕಳ ಸಲುವಾಗಿ ಏನಾದ್ರೂ ಟ್ರೀಟ್‌ಮೆಂಟ್ ನಡೆದೈತಾ?"

"ಮುಂದಿನ ತಿಂಗಳು ಸುರು ಮಾಡಬೇಕು ಅಂತಿದ್ವಿ ಮೇಡಂ," ಎಂದ ಅತೀಕ್.

"ಬ್ಯಾಡ. ಈಗ ಬಸಿರಾದ್ರೆ ಜೀವಕ್ಕೇ ಅಪಾಯ. ಮೊದ್ಲು ಇದು ಯಾಕ ಆಯ್ತು ಅಂತ ತಿಳೀಬೇಕು. ಕಾರಣದ ಮೇಲೆ ಔಷಧಿ." ಡಾಕ್ಟರು ಖತೀಜಾಬೀ ಕಡೆ ತಿರುಗಿದರು. "ಅಮ್ಮ, ಸಣ್ಣಾಕಿದ್ದಾಗ ಇವ್ರಿಗೆ ದೊಡ್ಡ ಕಾಯಿಲೆ ಏನಾದ್ರೂ ಆಗಿತ್ತಾ?"

"ಟೈಫಾಯಿಡ್ ಆಗಿತ್ರಿ," ಎಂದಳು ನುಜತ್ ತಾನೇ. "ಆರು ವರ್ಷದಾಕಿ ಇದ್ದೆ. ಕೂದ್ಲೆಲ್ಲಾ ಉದುರಿದ್ವು. ಬೆಂಗ್ಳೂರಾಗೆ ತೋರಿಸಿದ್ರು."

ಖತೀಜಾಬೀ ಹೇಳಿಕೊಟ್ಟ ಸುಳ್ಳು ಅದು. ಮಗಳು ಅದನ್ನು ಸತ್ಯವೆಂದೇ ನಂಬಿ, ಇಷ್ಟು ವರ್ಷ ಜೋಪಾನವಾಗಿಟ್ಟುಕೊಂಡು, ಈಗ ಡಾಕ್ಟರ ಮುಂದೆ ಒಪ್ಪಿಸುತ್ತಿದ್ದಳು.

ಆಗಿದ್ದು ರಕ್ತದ ಕ್ಯಾನ್ಸರ್. ಎರಡು ವರ್ಷ ಹರಿಹರಕ್ಕೂ ಬೆಂಗಳೂರಿಗೂ ರೈಲಿನಲ್ಲಿ ಓಡಾಟ. ಗಂಡ ಹಯಾತ್ ಸಾಬ್ ಬದುಕಿದ್ದ ಕಾಲ. ಬಡಗಿ ಕೆಲಸದ ಮನುಷ್ಯ, ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಹೋಗುತ್ತಿದ್ದ. ಟೈಫಾಯಿಡ್ ಆದರೆ ಕೂದಲು ಉದುರುತ್ತದೆಂದು ಓಣಿಗೆಲ್ಲ ಗೊತ್ತು. ಹಾಗಾಗಿ ಸುಳ್ಳು ಸಲೀಸಾಗಿ ಕೂತಿತು. ಹೆಣ್ಣು ಮಗು, ನಾಳೆ ಇದನ್ನು ಯಾರು ಕಟ್ಟಿಕೊಳ್ಳುತ್ತಾರೆ ಎನ್ನುವುದೊಂದೇ ಚಿಂತೆ. ಕೊನೆಯ ದಿನ ಅಲ್ಲಿನ ಡಾಕ್ಟರು ದಪ್ಪನೆಯ ಫೈಲನ್ನು ಕೈಗಿಟ್ಟು, "ಹುಡುಗಿ ಗೆದ್ದಳು. ಆದರೆ ಔಷಧಿ ಬಲು ಕಠಿಣದ್ದು, ವರ್ಷಕ್ಕೊಮ್ಮೆ ಹೃದಯ ತೋರಿಸಿ. ಇದನ್ನ ಮಾತ್ರ ಕಳೀಬೇಡಿ," ಎಂದಿದ್ದರು. ಮೂರು ವರ್ಷ ಹೋದರು. ಹುಡುಗಿ ದೊಡ್ಡವಳಾದ ಮೇಲೆ, ಆಸ್ಪತ್ರೆಯಲ್ಲಿ ಯಾರಾದರೂ ಕಂಡು ಊರಿಗೆ ಸುದ್ದಿ ಮುಟ್ಟಿಸಿದರೆ ಎಂಬ ಭಯಕ್ಕೆ ನಿಲ್ಲಿಸಿಬಿಟ್ಟರು.

ಹೇಳಿದರೆ ಮಗಳ ಸಂಸಾರ, ಹೇಳದಿದ್ದರೆ ಮಗಳ ಜೀವ. ಖತೀಜಾಬೀ ಅಳಿಯನ ಮುಖ ನೋಡಿದಳು. ಒಳ್ಳೆಯ ಹುಡುಗ. ಆದರೆ ಮದುವೆಯಾದ ಈ ಆರು ವರ್ಷವೂ ಮೋಸ ಹೋಗಿದ್ದೇನೆಂದು ತಿಳಿದ ಮೇಲೂ ಒಳ್ಳೆಯವನಾಗಿ ಉಳಿಯಬೇಕೆಂದು ಯಾವ ಬಾಯಲ್ಲಿ ಕೇಳುವುದು?

"ಟೈಫಾಯಿಡ್ ಅಲ್ರಿ," ಎಂದಳು ಕಡೆಗೆ. ದನಿ ಅವಳಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು. "ಟೈಫಾಯಿಡ್ ಅಲ್ಲ. ಬ್ಲಡ್ ಕ್ಯಾನ್ಸರ್."

ನುಜತ್ ತಾಯಿಯ ಕೈಯಿಂದ ತನ್ನ ಕೈ ಬಿಡಿಸಿಕೊಳ್ಳಲಿಲ್ಲ. ಆದರೆ ಆ ಕೈ ತಣ್ಣಗಾಯಿತು.

ಡಾಕ್ಟರು ಪೆನ್ನು ಎತ್ತಿಕೊಂಡರು. "ಯಾವ ಔಷಧಿ ಕೊಟ್ರು?"

"ಹೆಸರು ತಿಳೀದ್ರಿ. ಕೆಂಪಗಿತ್ತು, ಶರಬತ್ತಿನ ಬಣ್ಣ. ಅದು ಹಾಕಿದ ದಿನ ಮಗು ಉಚ್ಚೆನೂ ಕೆಂಪಗೆ ಹೊಯ್ತಿತ್ತು. ಏಳು ಸಲ ಹಾಕಿದ್ರು. ಒಂದೊಂದಕ್ಕೂ ದರ್ಗಾದಾಗೆ ಒಂದೊಂದು ದಾರ ಕಟ್ಟಿದ್ದೆ, ಅದಕ್ಕೇ ನೆನಪೈತೆ."

"ಕೆಂಪು ಔಷಧಿ," ಎಂದು ಡಾಕ್ಟರು ತಲೆಯಾಡಿಸಿದರು. "ಅವತ್ತು ಇವ್ರನ್ನ ಉಳಿಸಿದ್ದೂ ಅದೇ, ಇವತ್ತು ಹಾರ್ಟಿಗೆ ಪೆಟ್ಟು ಕೊಟ್ಟಿದ್ದೂ ಅದೇ ಇರಬೇಕು. ಕೆಲವರಿಗೆ ಇಪ್ಪತ್ತು ವರ್ಷ ಬಿಟ್ಟು ಹಿಂಗೆ ಬರ್ತದೆ. ಮುಟ್ಟು ನಿಂತಿದ್ದು, ಮೂಳೆ ಸವೆದಿದ್ದು ಎಲ್ಲಾ ಆ ಟ್ರೀಟ್‌ಮೆಂಟಿನ ಬಾಕಿನೇ. ಮೈಗೆ ಬೇಗ ವಯಸ್ಸಾಗಿಬಿಡ್ತದೆ. ಎಷ್ಟು ಡೋಸ್ ಕೊಟ್ಟಿದ್ರು ಅನ್ನೋದು ಬೇಕಲ್ಲ. ಫೈಲ್ ಎಲ್ಲೈತೆ?"

"ಠಂಡಾ ಮಾಡಿಬಿಟ್ಟೆ," ಎಂದಳು ಖತೀಜಾಬೀ.

ಡಾಕ್ಟರಿಗೆ ತಿಳಿಯಲಿಲ್ಲ. ಅತೀಕ್‌ಗೆ ತಿಳಿಯಿತು, ಅವನು ಕಣ್ಣು ಮುಚ್ಚಿಕೊಂಡ. ಹಯಾತ್ ಸಾಬ್ ಆ ಫೈಲಿನ ಹಾಳೆಹಾಳೆಯ ತಲೆಯ ಮೇಲೆ ಬಿಸ್ಮಿಲ್ಲಾದ ಅಂಕಿ ಏಳುನೂರ ಎಂಬತ್ತಾರು ಬರೆದಿದ್ದ. ದರ್ಗಾದ ಹಜರತರು ಬರೆದುಕೊಟ್ಟ ದುವಾ ಚೀಟಿಗಳನ್ನು ರಕ್ತದ ರಿಪೋರ್ಟುಗಳ ಹಿಂದೆ ಅಂಟಿಸಿದ್ದ. ಅಲ್ಲಾಹನ ಹೆಸರಿರುವ ಕಾಗದವನ್ನು ಒಲೆಗೆ ಹಾಕಲು, ರದ್ದಿಗೆ ಕೊಡಲು ಮನಸ್ಸು ಬರುವುದುಂಟೇ? ಹರಿಯುವ ನೀರಿಗೆ ಬಿಡಬೇಕು, ಅದಕ್ಕೇ ಠಂಡಾ ಮಾಡುವುದು ಎನ್ನುತ್ತಾರೆ. ಅತೀಕ್‌ನ ಮನೆಯವರು ಹೆಣ್ಣು ನೋಡಲು ಬರುವ ಹಿಂದಿನ ದಿನ ಅವಳು ಫೈಲನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಜೊತೆಗೊಂದು ಕಲ್ಲಿಟ್ಟು, ಬಿಸ್ಮಿಲ್ಲಾ ಹೇಳಿ ತುಂಗಭದ್ರೆಗೆ ಬಿಟ್ಟಿದ್ದಳು. ಕಾಗದದ ಜೊತೆ ರೋಗದ ಹೆಸರೂ ಹೋಯಿತೆಂದು ಅವತ್ತು ನೆಮ್ಮದಿಯಾಗಿ ಉಂಡಿದ್ದಳು.

ಇದನ್ನೆಲ್ಲ ಅವಳು ತಡವರಿಸುತ್ತಲೇ ಹೇಳಿದಳು. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ವರ್ಷಾ ವರ್ಷಾ ಎಕೋ ಮಾಡಿಸಿದ್ರೆ ಮೊದ್ಲೇ ಮಾತ್ರೆ ಸುರು ಮಾಡಬಹುದಿತ್ತು," ಎಂದಷ್ಟೇ ಅಂದರು. "ಆಗಿದ್ದಾಯ್ತು. ಬೆಂಗ್ಳೂರಿಗೆ ಬರೆದು ಹಳೇ ದಾಖಲೆ ಕೇಳೋಣ. ಸಿಕ್ಕರೆ ಸಿಕ್ತು. ಮಾತ್ರೆ ಇವತ್ತಿಂದ್ಲೇ ಕೊಡ್ತೀನಿ. ಮೊದ್ಲಿನ ಹಂಗೆ ಆಗ್ತದೆ ಅಂತ ಮಾತ್ರ ನಾ ಹೇಳಲ್ಲ."

ಅತೀಕ್ ಔಷಧಿ ಚೀಟಿಯನ್ನು ಕೈಗೆ ತೆಗೆದುಕೊಂಡು ಓದಿದ. ಆಮೇಲೆ, "ಮಾತ್ರೆ ಊಟಕ್ಕೆ ಮುಂಚೇನಾ, ಆದ್ಮೇಲಾ?" ಎಂದು ಕೇಳಿದ. ಅಷ್ಟೇ. ಆರು ವರ್ಷದಿಂದ ಖತೀಜಾಬೀ ಯಾವ ಸಂಸಾರ ಮುರಿಯುತ್ತದೆಂದು ಹೆದರಿದ್ದಳೋ ಅದು ಮುರಿಯಲಿಲ್ಲ. ಅದು ಅಷ್ಟು ಗಟ್ಟಿಯಿದೆಯೆಂದು ಅವಳಿಗೆ ಯಾಕೆ ಒಮ್ಮೆಯೂ ಹೊಳೆಯಲಿಲ್ಲವೋ.

ಅವನು ಔಷಧಿ ತರಲು ಹೋದ. ತಾಯಿ ಮಗಳು ಹೊರಗಿನ ಬೆಂಚಿನ ಮೇಲೆ ಕೂತರು.

"ಮಾಫ್ ಮಾಡು ಬೇಟಿ," ಎಂದಳು ಖತೀಜಾಬೀ. "ನಿನ್ನ ಮದುವೆ ಸಲುವಾಗಿ ಮಾಡ್ದೆ. ನಿನಗೊಂದು ಮನೆ ಆಗ್ಲಿ ಅಂತ."

"ಗೊತ್ತಾಯ್ತು ಅಮ್ಮಿ." ನುಜತ್ ಉಸಿರಿಗಾಗಿ ನಿಂತು ನಿಂತು ಮಾತಾಡಿದಳು. "ಅದಕ್ಕೆ ಸಿಟ್ಟಿಲ್ಲ. ಹೋದ ರಂಜಾನಿನಾಗೆ ಅತ್ತಿ ಜೊತಿ ಹರಿಹರಕ್ಕೆ ಬಂದಿದ್ನಲ್ಲ. ನೀರಿನ ಕೊಡ ಎತ್ತಾಕಾಗದೆ ಕೂತ್ಕೊಂಡೆ. ಅತ್ತಿ ನೋಡ್ತಿದ್ರು."

ಖತೀಜಾಬೀಗೆ ನೆನಪಿತ್ತು. ಬೀಗಿತ್ತಿಗೆ ಅನುಮಾನ ಬರಬಾರದೆಂದು, ಎಲ್ಲರಿಗೂ ಕೇಳುವ ಹಾಗೆ, ಅವಳೇ ಮೊದಲು ಬಾಯಿ ಮಾಡಿದ್ದಳು.

"ಮೈಗಳ್ಳಿ ಅಂದಿ. ಹುಟ್ಟಾ ಸೋಮಾರಿ, ಏಳು ಅಂದಿ. ನಾ ಎದ್ದು ಕೊಡ ಹೊತ್ತೆ ಅಮ್ಮಿ. ಅವತ್ತಿಂದ ದಿನಾ ಎದ್ದು ಹೊತ್ತೆ. ನಾನು ಸೋಮಾರಿನೇ ಇರಬೇಕು ಅಂತ ನಂಬಿದ್ದೆ." ನುಜತ್ ತಾಯಿಯ ಮುಖ ನೋಡಿದಳು. "ನಂಗೆ ಗೊತ್ತಿರ್ಲಿಲ್ಲ. ನಿಂಗೆ ಗೊತ್ತಿತ್ತು."

ಖತೀಜಾಬೀ ಮಗಳ ಊದಿದ ಕಾಲು ನೋಡಿದಳು. ಹೌದು, ಗೊತ್ತಿತ್ತು. ಕಾಯಿಲೆಯಿಂದ ಉಳಿದು ಬಂದ ಮಗಳ ಎದೆಯ ಮೇಲೆ ತುಂಬಿದ ಕೊಡ ಇಟ್ಟವಳು ತಾನೇ.