ಗುಡುಗು, ಗೊಣಗ ಮತ್ತು ನಡುವಿನ ಪೆಟ್ಟಿಗೆ

ಗಂಟಲಿನ ಆಪರೇಷನ್ ಆದ ಮೇಲೆ ಚಿಕ್ಕಮ್ಮನಿಗೆ ಇದೇ ಮೊದಲ ಹಾಡಿನ ಸಂಜೆ. ಡಾಕ್ಟರು ಒಪ್ಪಿಗೆಯೇನೋ ಕೊಟ್ಟಿದ್ದರು, ಆದರೆ ಬೆರಳೆತ್ತಿ ಎಚ್ಚರಿಸಿದ್ದರು: "ಕಿರುಚಿದಿರೋ, ಇದ್ದ ದನಿಯೂ ಹೋಗುತ್ತೆ." ವೇದಿಕೆ ಮೇಲೆ ತನ್ನ ದನಿ ತನಗೇ ಕೇಳಿಸದಿದ್ದರೆ ಯಾವ ಗಾಯಕಿ ತಾನೇ ಕಿರುಚದೆ ಇರುತ್ತಾಳೆ?

ಸೌಂಡ್ ನೋಡಿಕೊಳ್ಳುವವರು ಅವರ ಅಕ್ಕನ ಮಕ್ಕಳು. ದೊಡ್ಡವಳಿಗೆ ಚಿಕ್ಕಮ್ಮ ಇಟ್ಟ ಹೆಸರು ಗುಡುಗು. ಅವಳು ಪಿಸುಗುಟ್ಟಿದರೆ ಪಕ್ಕದ ಬೀದಿಗೆ ಗುಟ್ಟು ರಟ್ಟು. ಸಭಾಂಗಣದ ಹಿಂದೆ ಕೂತು ಜನರಿಗೆ ಕೇಳುವುದನ್ನು ಅವಳು ಹದ ಮಾಡುತ್ತಾಳೆ. ಅವಳ ತಮ್ಮ ಗೊಣಗ, ವೇದಿಕೆಯ ಪಕ್ಕ ಇನ್ನೊಂದು ಮಿಕ್ಸರ್ ಇಟ್ಟುಕೊಂಡು, ಹಾಡುವವರಿಗೆ ಅವರದೇ ದನಿ ಕೇಳಿಸುವ ಕಾಲ ಬುಡದ ಸ್ಪೀಕರನ್ನು ನೋಡಿಕೊಳ್ಳುತ್ತಾನೆ. ಇಷ್ಟು ದಿನ ಒಂದೇ ಮೈಕಿನ ತಂತಿಯನ್ನು ಕವಲೊಡೆಸಿ ಇಬ್ಬರಿಗೂ ಕೊಡುತ್ತಿದ್ದರು. ಒಬ್ಬರ ಕಡೆ ಗೊರಗೊರ ಶುರುವಾದರೆ ಇನ್ನೊಬ್ಬರಿಗೂ ಅಂಟಿಕೊಳ್ಳುತ್ತಿತ್ತು.

"ಏನೋ ಮುಟ್ಟಿದೆ?"

"ನೀನೇ ಕಣೆ ಮುಟ್ಟಿದ್ದು!"

ಎಷ್ಟೋ ಹಾಡುಗಳ ನಡುವೆ ಈ ಯುಗಳಗೀತೆಯನ್ನೂ ಚಿಕ್ಕಮ್ಮ ಕೇಳಿದ್ದರು.

ಈ ಸಲ ಹೊಸ ಪೆಟ್ಟಿಗೆ ಬಂದಿತ್ತು, ಆಕ್ಟಿವ್ ಸ್ಪ್ಲಿಟರ್. ಮೈಕಿನ ದನಿಗೆ ಮೊದಲು ತನ್ನದೇ ಒಂದು ಗುಂಡಿಯಿಂದ ಬಲ ತುಂಬಿ, ಆಮೇಲೆ ಇಬ್ಬರಿಗೂ ಬೇರೆಬೇರೆ ಬಡಿಸುವ ಪೆಟ್ಟಿಗೆ.

"ಓರಗಿತ್ತಿಯರು ಬೇರೆ ಒಲೆ ಹೂಡಿದ ಹಾಗೆ ಚಿಕ್ಕಮ್ಮ, ಇನ್ನು ಜಗಳವೇ ಇಲ್ಲ," ಎಂದ ಗೊಣಗ.

"ಜಗಳ ಬಿಟ್ಟು ನೀವಿಬ್ರೂ ಬದುಕ್ತೀರಾ?" ಎಂದು ನಗುತ್ತಲೇ ಚಿಕ್ಕಮ್ಮ ಖಾಲಿ ಕುರ್ಚಿಗಳ ಮುಂದೆ ಹಾಡಿ ನೋಡಿದರು.

ದನಿಯೇ ಇಲ್ಲ. ಎಲ್ಲೋ ಬಾವಿಯೊಳಗಿಂದ ಬಂದ ಹಾಗೆ. ಗೊಣಗ ತನ್ನ ಮಿಕ್ಸರಿನ ಗುಂಡಿಯನ್ನು ಕೊನೆಮುಟ್ಟ ತಿರುಗಿಸಿದ. ಸುಯ್ಯೆಂಬ ಸದ್ದೇ ದನಿಗಿಂತ ಮುಂದೆ ಬಂತು. ಚಿಕ್ಕಮ್ಮ ತುಸು ಒತ್ತಿ ಹಾಡಿದರು. ಗಂಟಲು ಚುಳ್ಳೆಂದಿತು.

ಅವರು ಅಲ್ಲೇ ಕೂತುಬಿಟ್ಟರು. "ಬೇಡ ಬಿಡ್ರೋ. ನನ್ನ ದನಿ ಮುಗೀತು. ಬಂದವರನ್ನ ವಾಪಸ್ ಕಳಿಸಿಬಿಡೋಣ."

"ನನ್ನ ಕಡೇನೂ ಇದೇ ಸುಯ್!" ಹಿಂದಿನಿಂದ ಗುಡುಗು ಕೂಗಿದಳು, ಮೈಕಿಲ್ಲದೆ.

ಚಿಕ್ಕಮ್ಮ ತಲೆ ಎತ್ತಿದರು. "ಇಬ್ಬರ ಹಾಲಲ್ಲೂ ಒಂದೇ ನೀರು ಅಂದ್ರೆ, ಸೇರಿದ್ದು ಪೆಟ್ಟಿಗೇಲೇ. ಅದರ ಗುಂಡಿ ಯಾರು ನೋಡ್ಕೊಳ್ಳೋದು?"

"ನಾನು ಮುಟ್ಟಿಲ್ಲ!" ಇಬ್ಬರೂ ಒಟ್ಟಿಗೇ ಅಂದರು. ಜನ್ಮದಲ್ಲಿ ಮೊದಲ ಸಲ ಇಬ್ಬರದೂ ನಿಜ. ಆ ಗುಂಡಿ ತಿರುಗಿಸಿದರೆ ಎರಡೂ ಕಡೆ ಏರುಪೇರು, ಆದ್ದರಿಂದ ಮನೆಯಲ್ಲಿ ಒಮ್ಮೆ ಹೊಂದಿಸಿದ ಮೇಲೆ ಯಾರೂ ಮುಟ್ಟಬಾರದು ಎಂದು ಆಣೆ ಹಾಕಿಕೊಂಡಿದ್ದರಂತೆ.

"ಮತ್ತೆ ಯಾರ ದನಿಗೆ ಇಟ್ಟಿದ್ದು ಅದನ್ನ?"

ಗುಡುಗು ಓಡಿ ಬಂದು ನಿಂತಳು. "ಮನೇಲಿ ನಾನೇ... ಹಲೋ ಹಲೋ ಅಂತ... ಜಾಸ್ತಿ ಆಯ್ತು ಅಂತ ತಗ್ಗಿಸಿಟ್ಟೆ..."

ಚಿಕ್ಕಮ್ಮನಿಗೆ ನಗು ಉಕ್ಕಿತು. "ಅಯ್ಯೋ ನಿನ್ನ! ಆನೆಗೆ ಅಳತೆ ತಗೊಂಡ ಅಂಗಿ ಇಲಿಗೆ ತೊಡಿಸಿದ್ಯಲ್ಲೇ! ಹೋಗಿ, ಇಬ್ರೂ ನಿಮ್ಮ ನಿಮ್ಮ ಕಡೆ ತಗ್ಗಿಸಿ."

ಮೈಕು ಹಿಡಿದು ಪೆಟ್ಟಿಗೆಯ ಪಕ್ಕ ಕೂತು, ಮಗು ಮಲಗಿಸುವಷ್ಟು ಮೆಲ್ಲಗೆ ಹಾಡುತ್ತ, ಗುಂಡಿಯನ್ನು ತಾವೇ ತಿರುಗಿಸಿದರು. ದನಿ ಸಾಲದೆ ಮಿಣುಕುತ್ತಿದ್ದ ಪೆಟ್ಟಿಗೆಯ ಹಸಿರು ದೀಪ ನೆಟ್ಟಗೆ ಉರಿಯಿತು. ಗೊಣಗ ತನ್ನದನ್ನು ನಿಧಾನವಾಗಿ ಏರಿಸಿದ. ಕಾಲ ಬುಡದಿಂದ ಅವರದೇ ದನಿ ಎದ್ದು ಬಂತು, ಸ್ವಲ್ಪ ಒರಟು, ಸ್ವಲ್ಪ ತಗ್ಗು, ಆದರೆ ಪೂರ್ತಿ.

"ಇದು ನನ್ನ ಗುಂಡಿ. ಮುಟ್ಟಿದ್ರೆ ಕೈ ಮುರೀತೀನಿ," ಎಂದು ಪೆಟ್ಟಿಗೆಯನ್ನು ತಮ್ಮ ಕುರ್ಚಿಯ ಪಕ್ಕಕ್ಕೇ ಎಳೆದುಕೊಂಡರು.

ಸಂಜೆ ಕುರ್ಚಿಗಳೆಲ್ಲ ತುಂಬಿದವು. ಮೊದಲ ಹಾಡಿನ ನಡುವೆ ಚಿಕ್ಕಮ್ಮ ಕಣ್ಣಲ್ಲೇ 'ಇನ್ನಷ್ಟು' ಎಂದರು, ಗೊಣಗ ಏರಿಸಿದ. ಹಿಂದೆ ಕೂತ ಗುಡುಗಿಗೆ ಅದು ಗೊತ್ತೂ ಆಗಲಿಲ್ಲ. ಗಂಟಲನ್ನು ಎಲ್ಲೂ ಒತ್ತದೆ ಹಾಡು ಮುಗಿಯಿತು. ಅಭ್ಯಾಸಬಲದಿಂದ ಚಿಕ್ಕಮ್ಮ ಜಗಳಕ್ಕಾಗಿ ಕಿವಿಗೊಟ್ಟರು. ಇಲ್ಲ.

"ಸೂಪರ್ ಅಲ್ವಾ," ಎಂದು ಗುಡುಗು ಪಕ್ಕ ಕೂತವರ ಕಿವಿಯಲ್ಲಿ ಪಿಸುಗುಟ್ಟಿದಳು. ಇಡೀ ಸಭೆ ಹಿಂದಿರುಗಿ ನೋಡಿ ನಕ್ಕಿತು. ಆ ನಗು ನಿಲ್ಲುವ ಮೊದಲೇ ಚಿಕ್ಕಮ್ಮ, ಮೊದಲಿಗಿಂತಲೂ ಮೆಲ್ಲಗೆ, ಎರಡನೆಯ ಹಾಡು ಎತ್ತಿಕೊಂಡರು.